ನಸೂಹನ ಕನಸಿನ ಕಚೇರಿ

ಉರ್ದು ಶಾಲೆಯಲ್ಲಿ ನಾಲ್ಕು ವರ್ಷ ಕೂತೆದ್ದವರಿಗೆಲ್ಲ ಮಿರ್ಜಾ ಝಾಹಿರ್‌ದಾರ್ ಬೇಗ್ ಗೊತ್ತು. ಹೆಸರೇ ಹೇಳುವಂತೆ ಹೊರಗಿನ ಥಳುಕಿನ ಮನುಷ್ಯ. ಮನೆ ಬಿಟ್ಟು ಬಂದ ಗೆಳೆಯ ಕಲೀಮನನ್ನು ಪಾಳು ಮಸೀದಿಯೊಂದರಲ್ಲಿ ಇಳಿಸಿ, ಹಸಿವು ಎಂದಾಗ ಹುರಿಗಡಲೆ ತಂದುಕೊಟ್ಟು, ಆ ಕಡಲೆಯ ಘಮವನ್ನು ಹೊಗಳಿ ಹೊಗಳಿಯೇ ಅವನ ಹೊಟ್ಟೆ ತುಂಬಿಸಲು ನೋಡುವ ಮಹಾಶಯ. ಉರ್ದು ಪಠ್ಯಪುಸ್ತಕಗಳು ತಲೆಮಾರುಗಳಿಂದ ಈ ಪ್ರಸಂಗವೊಂದನ್ನೇ ಕತ್ತರಿಸಿ ಮಕ್ಕಳಿಗೆ ಬಡಿಸುತ್ತ ಬಂದಿವೆ. ಮಕ್ಕಳು ನಗುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಮರೆಯುತ್ತಾರೆ. ಆದರೆ ಈ ನಗು ಯಾವ ಕಾದಂಬರಿಯಿಂದ ಬಂತೋ ಆ ಕಾದಂಬರಿ ನಗುವಿನದ್ದಲ್ಲ. ಅದು ದಿಲ್ಲಿಯ ಕಾಲರಾದಿಂದ ಶುರುವಾಗಿ ಮಗನೊಬ್ಬನ ಸಾವಿನಲ್ಲಿ ಮುಗಿಯುತ್ತದೆ. ನಡುವೆ ದೇವರ ನ್ಯಾಯಾಲಯವೊಂದು ಇದೆ.

ಡೆಪ್ಯುಟಿ ನಝೀರ್ ಅಹ್ಮದ್ ಅವರ 'ತೌಬತುನ್ನಸೂಹ್' ಬಂದದ್ದು 1874ರ ಹೊತ್ತಿಗೆ. ಕೊರೋನಾ ಕಾಲದಲ್ಲಿ ನಾವು ಅದನ್ನು ಮತ್ತೆ ಕೈಗೆತ್ತಿಕೊಂಡೆವು. ಕಷ್ಟ ಬಂದಾಗ ದೇವರ ಒಳ್ಳೆಯತನವನ್ನೂ ಅವನ ಒಡೆತನವನ್ನೂ ನಂಬುವುದು ಎಂದರೇನು ಎಂಬ ಪ್ರಶ್ನೆಯನ್ನು ನಮ್ಮ ಗದ್ಯ ಸಾಹಿತ್ಯದಲ್ಲಿ ಇಷ್ಟು ನೇರವಾಗಿ ಎತ್ತಿಕೊಂಡ ಇನ್ನೊಂದು ಪುಸ್ತಕ ನಮಗೆ ತಕ್ಷಣ ನೆನಪಾಗುವುದಿಲ್ಲ. ಈ ಪ್ರಶ್ನೆಗೆ ಪುಸ್ತಕ ಎರಡು ಉತ್ತರ ಕೊಡುತ್ತದೆ. ಒಂದು ಉತ್ತರ ನಮಗೆ ಒಪ್ಪಿಗೆ. ಇನ್ನೊಂದರ ಬಗ್ಗೆ ತಕರಾರಿದೆ.

ಕತೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ನಸೂಹ್ ದಿಲ್ಲಿಯ ಅನುಕೂಲಸ್ಥ ಗೃಹಸ್ಥ. ಧರ್ಮ ಅವನಿಗೆ ಹಬ್ಬದ ದಿನದ ಶೇರ್ವಾನಿಯಂತೆ, ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಊರಿಗೆ ಕಾಲರಾ ಬರುತ್ತದೆ. ಅವನ ತಂದೆ ಸಾಯುತ್ತಾರೆ, ಮನೆಯ ಇನ್ನೂ ಕೆಲವರು ಸಾಯುತ್ತಾರೆ, ಕೊನೆಗೆ ಅವನೂ ಮಲಗುತ್ತಾನೆ. ಬದುಕುವ ಆಸೆ ಬಿಟ್ಟಾಗ ವೈದ್ಯರು ಕೊಟ್ಟ ಔಷಧಿಯಿಂದ ನಿದ್ದೆ ಹತ್ತುತ್ತದೆ, ನಿದ್ದೆಯಲ್ಲಿ ಕನಸು. ವಿಶಾಲವಾದ ಕಚೇರಿ, ಕಿಕ್ಕಿರಿದ ಜನ, ಆದರೆ ಪಿಸುಮಾತೂ ಇಲ್ಲ. ಆರೋಪಿಗಳ ನಡುವೆ ಅವನ ತಂದೆ! ಸ್ವರ್ಗದಲ್ಲಿದ್ದಾರೆ ಎಂದುಕೊಂಡಿದ್ದ ಆ ಸಂಭಾವಿತ ಹಿರಿಯರ ಕೈಯಲ್ಲಿ ಅವರ ಆರೋಪಪಟ್ಟಿ. ತಮ್ಮ ನಮಾಝ್ ಎಷ್ಟು ಪೊಳ್ಳಾಗಿತ್ತು, ಮನೆಮಂದಿಯನ್ನು ಹೇಗೆ ದಾರಿ ತಪ್ಪಲು ಬಿಟ್ಟೆ ಎಂದು ಅವರು ಮಗನಿಗೆ ಹೇಳುತ್ತಾರೆ. ನಸೂಹ್ ಎಚ್ಚರಗೊಂಡಾಗ ಬೇರೆಯೇ ಮನುಷ್ಯ. ಹೆಂಡತಿ ಫಹ್ಮೀದಾಳನ್ನು ಜೊತೆಗಿಟ್ಟುಕೊಂಡು ಇಡೀ ಸಂಸಾರವನ್ನು ತಿದ್ದಲು ಹೊರಡುತ್ತಾನೆ. ಚಿಕ್ಕವರು ಬೇಗ ಒಲಿಯುತ್ತಾರೆ. ಗಂಡನ ಮನೆಯಿಂದ ಮುನಿಸಿಕೊಂಡು ಬಂದಿರುವ ಮಗಳು ನಈಮಾ ಜಗಳಕ್ಕೆ ನಿಲ್ಲುತ್ತಾಳೆ. ಹಿರಿಯ ಮಗ ಕಲೀಮ್, ಕವಿ, ಷೋಕಿಯವ, ತಂದೆ ಕರೆದರೂ ಎದುರು ಬರಲೊಲ್ಲದೆ ಮನೆ ಬಿಡುತ್ತಾನೆ.

ಈ ಕನಸಿನ ಕಚೇರಿಯನ್ನು ಯಾರು ಕಟ್ಟಿದರು ಎಂಬುದನ್ನು ಸ್ವಲ್ಪ ನೋಡಬೇಕು. ನಝೀರ್ ಅಹ್ಮದ್ ಬಿಜನೌರ್ ಜಿಲ್ಲೆಯವರು, ದಿಲ್ಲಿ ಕಾಲೇಜಿನಲ್ಲಿ ಓದಿದವರು. 1860ರ ಭಾರತೀಯ ದಂಡಸಂಹಿತೆಯನ್ನು, 2024ರ ಜುಲೈಯವರೆಗೂ ನಮ್ಮ ನ್ಯಾಯಾಲಯಗಳಲ್ಲಿ ಚಾಲ್ತಿಯಲ್ಲಿದ್ದ ಅದೇ ಸಂಹಿತೆಯನ್ನು, 'ತಾಝೀರಾತೆ ಹಿಂದ್' ಎಂದು ಉರ್ದುವಿಗೆ ತಂದವರಲ್ಲಿ ಪ್ರಮುಖರು. ಆಮೇಲೆ ಡೆಪ್ಯುಟಿ ಕಲೆಕ್ಟರರಾದರು. ಹೀಗಾಗಿ ಅವರ ಕಿಯಾಮತ್ತಿನಲ್ಲಿ ಹವಾಲಾತ್ ಇದೆ, ಫರ್ದು ಇದೆ, ವಿಚಾರಣೆಗೆ ಕಾದು ಕೂತವರ ಸಾಲು ಇದೆ. ವಕೀಲ, ಜಾಮೀನು, ಫಿರ್ಯಾದಿ ಎಂಬ ಮಾತುಗಳನ್ನು ಕನ್ನಡದ ಕೋರ್ಟುಕಟ್ಟೆಯಲ್ಲಿ ದಿನವೂ ಕೇಳುವ ನಮ್ಮ ಓದುಗರಿಗೆ ಈ ಭಾಗವನ್ನು ಅನುವಾದಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ದಿಲ್ಲಿಯವರು 1857 ಕಂಡವರು. ಹೊಸ ಸರಕಾರದ ಕಚೇರಿ ಎಂದರೆ ಅವರಿಗೆ ಏನು ನಡುಕವೆಂದು ಲೇಖಕರಿಗೆ ಗೊತ್ತು. ಆ ನಡುಕವನ್ನೇ ಎತ್ತಿಕೊಂಡು ಅವರು ಪರಲೋಕಕ್ಕೆ ಹಚ್ಚಿದರು.

ಪುಸ್ತಕದ ಹುಟ್ಟಿನಲ್ಲೂ ಸರಕಾರದ ಪಾಲಿದೆ. ವಾಯವ್ಯ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ವಿಲಿಯಂ ಮ್ಯೂರ್ 1868ರಲ್ಲಿ ದೇಶಭಾಷೆಗಳ ಉಪಯುಕ್ತ ಪುಸ್ತಕಗಳಿಗೆ ಬಹುಮಾನ ಘೋಷಿಸಿದ್ದರು. ನಝೀರ್ ಅಹ್ಮದರ ಮೊದಲ ಕಾದಂಬರಿ 'ಮಿರ್‌ಆತುಲ್ ಉರೂಸ್' ಆ ಬಹುಮಾನ ಪಡೆಯಿತು, 'ತೌಬತುನ್ನಸೂಹ್' ಕೂಡ ಪಡೆಯಿತು. ಪ್ರವಾದಿ ಮುಹಮ್ಮದ್(ಸ)ರ ಜೀವನದ ಬಗ್ಗೆ ಮ್ಯೂರ್ ಬರೆದ ಪುಸ್ತಕಕ್ಕೆ ಸರ್ ಸೈಯದರು ಲಂಡನ್ನಿಗೆ ಹೋಗಿ ಆಕರ ಹುಡುಕಿ ಉತ್ತರ ಬರೆಯಬೇಕಾಯಿತು. ಅದೇ ಮ್ಯೂರ್ ಸಾಹೇಬರು ನಸೂಹನ ಕತೆಯ 1884ರ ಇಂಗ್ಲಿಷ್ ಅನುವಾದಕ್ಕೆ ಮೆಚ್ಚಿ ಮುನ್ನುಡಿ ಬರೆದರು. ಕತೆಯ ಎಲುಬು ಕೂಡ ಡೇನಿಯಲ್ ಡೆಫೋನ 'ದಿ ಫ್ಯಾಮಿಲಿ ಇನ್‌ಸ್ಟ್ರಕ್ಟರ್' ಎಂಬ 1715ರ ಪುಸ್ತಕದಿಂದ ಬಂದದ್ದೆಂದು ವಿದ್ವಾಂಸರು ತೋರಿಸಿದ್ದಾರೆ. ಇದನ್ನು ದೋಷವೆಂದು ನಾವು ಎಣಿಸುವುದಿಲ್ಲ. ಎಲುಬು ಎಲ್ಲಿಯದಾದರೇನು, ಮಾಂಸರಕ್ತ ದಿಲ್ಲಿಯದು. ದಿಲ್ಲಿಯ ಹೆಂಗಸರ ಮಾತನ್ನು ನಝೀರ್ ಅಹ್ಮದರಂತೆ ಬರೆದವರು ಆ ಕಾಲದಲ್ಲಿ ಇನ್ನೊಬ್ಬರಿಲ್ಲ.

ಹಾಗಾದರೆ ಪುಸ್ತಕದ ಮೊದಲ ಉತ್ತರ ಯಾವುದು? ಕಾಲರಾ ಬಂದಾಗ ನಸೂಹ್ 'ಇದು ಯಾರ ಪಾಪ' ಎಂದು ಊರನ್ನು ಕೇಳುವುದಿಲ್ಲ. ತನ್ನ ಖಾತೆ ತೆರೆಯುತ್ತಾನೆ. ಇದು ಸಣ್ಣ ಸಂಗತಿಯಲ್ಲ. ರಾಬರ್ಟ್ ಕಾಕ್ ಕಲ್ಕತ್ತೆಗೆ ಬಂದು ಕಾಲರಾದ ರೋಗಾಣುವನ್ನು ಕೆರೆಯ ನೀರಿನಲ್ಲಿ ತೋರಿಸಿದ್ದು 1884ರಲ್ಲಿ, ಅಂದರೆ ಈ ಕಾದಂಬರಿ ಬಂದು ಹತ್ತು ವರ್ಷದ ಮೇಲೆ. ರೋಗದ ಕಾರಣ ಜನಕ್ಕೆ ತಿಳಿಯದ ಕಾಲ. ಅಂಥ ಕತ್ತಲಲ್ಲಿ ಬೆರಳು ಪಕ್ಕದ ಮನೆಯತ್ತ ಹೋಗುವುದೇ ಸಹಜ. ನಸೂಹನ ಬೆರಳು ತನ್ನ ಎದೆಗೆ ತಿರುಗುತ್ತದೆ. ಅವನ ಹೆಸರು ಕುರ್‌ಆನಿನ 66ನೇ ಅಧ್ಯಾಯ 'ತಹ್ರೀಮ್'ನಿಂದ ಬಂದದ್ದು. ನಿಷ್ಕಪಟವಾಗಿ ದೇವರ ಕಡೆ ಮರಳಿರಿ ಎಂದು ಅದರ ಎಂಟನೇ ಸೂಕ್ತ ಕರೆಯುವಾಗ ಆ ನಿಷ್ಕಪಟತೆಗೆ ಬಳಸುವ ಮಾತು 'ನಸೂಹ್'. ಕಾದಂಬರಿಯ ಮೊದಲ ಅಧ್ಯಾಯಗಳಲ್ಲಿ ಈ ಮನುಷ್ಯ ಆ ಹೆಸರಿಗೆ ತಕ್ಕವನು.

ಅದಕ್ಕಿಂತ ನಮಗೆ ಹೆಚ್ಚು ಪ್ರಿಯವಾದದ್ದು ಪುಟ್ಟ ಮಗಳು ಹಮೀದಾಳ ಭಾಗ. ತಂದೆ ನಮಾಝ್ ಮಾಡುವುದನ್ನು ಕಂಡು ಆ ಮಗು ಇದೇನೆಂದು ಕೇಳುತ್ತದೆ. ಅನ್ನ ಬಟ್ಟೆ ಎಲ್ಲ ಕೊಟ್ಟವನು ಒಬ್ಬನಿದ್ದಾನೆಂದು ತಿಳಿದ ಮೇಲೆ, ಇಷ್ಟು ದಿನ ಅವನನ್ನು ನೆನೆಯದೇ ಇದ್ದೆವಲ್ಲ ಎಂದು ಅದಕ್ಕೆ ಸಂಕಟವಾಗುತ್ತದೆ. ಕೇಳಿಸಿಕೊಂಡ ತಾಯಿಯ ಕಣ್ಣು ಹನಿಯುತ್ತದೆ. ಇಲ್ಲಿ ಕಚೇರಿ ಇಲ್ಲ, ಫರ್ದು ಇಲ್ಲ. ನಸೂಹನನ್ನು ಕನಸು ಹೆದರಿಸಿ ನಮಾಝಿಗೆ ತಂದಿತು, ಹಮೀದಾ ಕೃತಜ್ಞತೆಯಿಂದ ಬಂದಳು. ಒಂದೇ ಸೂರಿನಡಿ ಈ ಎರಡೂ ದಾರಿಗಳನ್ನು ಇಟ್ಟ ಲೇಖಕರು ಎರಡನೆಯದನ್ನು ಇನ್ನೂ ನಾಲ್ಕು ಹೆಜ್ಜೆ ಬೆಳೆಸಿದ್ದರೆ ಎಂದು ಪ್ರತಿಸಲ ಓದುವಾಗಲೂ ಅನ್ನಿಸುತ್ತದೆ. ಅವರು ಬೆಳೆಸಲಿಲ್ಲ. ಪುಸ್ತಕ ನಸೂಹನ ಹಿಂದೆ ಹೋಯಿತು.

ತಕರಾರು ಇಲ್ಲಿಂದ ಶುರು. 'ನಸೂಹ್' ಎಂಬ ಮಾತು ಹುಟ್ಟಿದ ಬೇರಿನಿಂದಲೇ 'ನಸೀಹತ್' ಎಂಬ ಮಾತೂ ಹುಟ್ಟಿದೆ. ಉಪದೇಶ ಎಂದರ್ಥ. ನಸೂಹನ ತೌಬಾ ನೋಡನೋಡುತ್ತ ನಸೀಹತ್ ಆಗುತ್ತದೆ. ಕನಸಿನಲ್ಲಿ ಆರೋಪಿಗಳ ಸಾಲಿನಲ್ಲಿ ನಿಂತು ನಡುಗಿದವನು ಮನೆಗೆ ಬಂದು ಮೇಜಿನ ಆಚೆ ಕೂರುತ್ತಾನೆ. ಒಬ್ಬೊಬ್ಬರಿಗೂ ಸಮನ್ಸು. ಕಲೀಮ್ ಹಾಜರಾಗುವುದಿಲ್ಲ. ಅವನು ಹೋದ ಮೇಲೆ ತಂದೆ ಅವನ ಕೋಣೆಗಳನ್ನು ತೆರೆಸಿ ನೋಡುತ್ತಾನೆ, ಅಲ್ಲಿ ಸಿಕ್ಕ ಪುಸ್ತಕಗಳನ್ನು ಹೊರಗೆ ಹಾಕಿಸಿ ಬೆಂಕಿ ಇಡುತ್ತಾನೆ. ಉರ್ದು ವಿಮರ್ಶಕರು ಈ ಬೆಂಕಿಯ ಬಗ್ಗೆ ಸಾಕಷ್ಟು ಬರೆದಿದ್ದಾರೆ, ಹೆಚ್ಚಿನವರು ಸಾಹಿತ್ಯದ ಪರವಾಗಿ. ನಮಗೆ ತೋರುವುದು ಬೇರೆ. ಸುಟ್ಟ ಪುಸ್ತಕಗಳು ಒಳ್ಳೆಯವೋ ಕೆಟ್ಟವೋ ಎಂಬುದು ಆಮೇಲಿನ ಮಾತು. ತೀರ್ಪು ಕೊಡುವ ದಿನವೊಂದಿದೆ, ಕೊಡುವವನೊಬ್ಬನಿದ್ದಾನೆ ಎಂದು ಕಣ್ಣಾರೆ ಕಂಡು ಬಂದವನಿಗೆ ಆ ದಿನದವರೆಗೆ ಕಾಯುವ ತಾಳ್ಮೆ ಯಾಕಿಲ್ಲ? ದೇವರ ನ್ಯಾಯವನ್ನು ನಂಬಿದ ನಸೂಹ್ ತನ್ನ ಮಗನನ್ನು ಆ ನ್ಯಾಯಕ್ಕೆ ಒಪ್ಪಿಸಲಾರ.

ಬೆಂಕಿಯ ಮಾತು ಬಂತಾದ್ದರಿಂದ ಒಂದು ಚರಿತ್ರೆಯನ್ನೂ ಹೇಳಿಬಿಡಬೇಕು. ಕುರ್‌ಆನನ್ನು ದಿಲ್ಲಿಯ ಆಡುಮಾತಿನ ಉರ್ದುವಿಗೆ ಅನುವಾದಿಸಿದ ಈ ನಝೀರ್ ಅಹ್ಮದರೇ ಇಳಿವಯಸ್ಸಿನಲ್ಲಿ ಪ್ರವಾದಿ ಪತ್ನಿಯರ ಕುರಿತು 'ಉಮ್ಮಹಾತುಲ್ ಉಮ್ಮಾ' ಎಂಬ ಪುಸ್ತಕ ಬರೆದರು. ಅದರ ಭಾಷೆ ಗೌರವಕ್ಕೆ ಸಾಲದೆಂದು ಗದ್ದಲವಾಗಿ ಪ್ರತಿಗಳನ್ನು ದಿಲ್ಲಿಯಲ್ಲಿ ಸುಡಲಾಯಿತು. ಕಲೀಮನ ಪುಸ್ತಕಗಳು ಸುಟ್ಟ ಅಧ್ಯಾಯ ಬರೆದು ಆಗ ಮೂರು ದಶಕ ದಾಟಿತ್ತು. 1912ರಲ್ಲಿ ಅವರು ತೀರಿಕೊಂಡರು.

ನಮ್ಮ ಈ ಮಾತಿಗೆ ಆಕ್ಷೇಪ ಬರುತ್ತದೆಂದು ಬಲ್ಲೆವು. ಅದೇ 'ತಹ್ರೀಮ್' ಅಧ್ಯಾಯದ ಆರನೇ ಸೂಕ್ತ ನಿಮ್ಮನ್ನೂ ನಿಮ್ಮ ಮನೆಯವರನ್ನೂ ನರಕಾಗ್ನಿಯಿಂದ ಕಾಪಾಡಿಕೊಳ್ಳಿ ಎನ್ನುತ್ತದಲ್ಲ, ತಂದೆಯಾದವನು ಕೈಕಟ್ಟಿ ಕೂರಬೇಕೆ? ಕೂರಬಾರದು. ನಸೂಹ್ ಹೇಳಿದ್ದೂ ತಪ್ಪಲ್ಲ. ಅವನು ಕಟುಕನೂ ಅಲ್ಲ. ಮಗನಿಗೆ ಪತ್ರ ಬರೆಯುತ್ತಾನೆ, ಕಾರಣಗಳನ್ನು ಬಿಡಿಸಿ ಬಿಡಿಸಿ ಹೇಳುತ್ತಾನೆ. ಆದರೆ ಅದೇ ಅಧ್ಯಾಯವನ್ನು ಕೊನೆಯವರೆಗೂ ಓದಿದರೆ ಅಲ್ಲಿ ನೂಹ್(ಅ) ಮತ್ತು ಲೂತ್(ಅ) ಎಂಬ ಇಬ್ಬರು ಪ್ರವಾದಿಗಳ ಪತ್ನಿಯರು ಬರುತ್ತಾರೆ. ಪ್ರವಾದಿಗಳ ಮನೆಯಲ್ಲಿದ್ದೂ ಅವರು ದಾರಿಗೆ ಬರಲಿಲ್ಲ. ಫಿರ್‌ಔನನ ಹೆಂಡತಿಯೂ ಅಲ್ಲೇ ಬರುತ್ತಾಳೆ. ದಬ್ಬಾಳಿಕೆಯ ಅರಮನೆಯಲ್ಲಿದ್ದೂ ಅವಳ ವಿಶ್ವಾಸ ಕೆಡಲಿಲ್ಲ. ಮನೆಯ ಯಜಮಾನನ ಅಧಿಕಾರ ಎಲ್ಲಿಯವರೆಗೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗೆರೆ ಬೇಕೆ?

ನೂಹ್ ಪ್ರವಾದಿಯ ಮಗನ ಕತೆಯಂತೂ ಕಲೀಮನ ಕತೆಯೇ. ಪ್ರಳಯದ ನೀರು ಏರುತ್ತಿದೆ, ತಂದೆ ಹಡಗಿನಿಂದ ಕೂಗಿ ಕರೆಯುತ್ತಾರೆ, ಮಗ ಬೆಟ್ಟ ಹತ್ತಿ ಪಾರಾಗುತ್ತೇನೆ ಎನ್ನುತ್ತಾನೆ. ಅಲೆ ಬಂದು ಮುಚ್ಚುತ್ತದೆ. ಆಮೇಲೂ ಆ ತಂದೆ ಮಗನಿಗೆ ಹೀಗಾದದ್ದು ಸರಿಯೇ ಎನ್ನುವುದಿಲ್ಲ. ಅವನು ನನ್ನ ಮನೆಯವನಲ್ಲವೇ ಎಂದು ದೇವರಲ್ಲಿ ಮೊರೆಯಿಡುತ್ತಾರೆ. ಮೊರೆ ಸಲ್ಲಲಿಲ್ಲ, ಅವರು ತಲೆಬಾಗಿದರು. ಲೂತರ ಜನರಿಗೆ ಶಿಕ್ಷೆ ನಿಶ್ಚಯವಾದಾಗ ಇಬ್ರಾಹೀಮ್(ಅ) ಆ ಜನರ ಪರವಾಗಿ ವಾದಕ್ಕಿಳಿದರೆಂದು ಕುರ್‌ಆನ್ ಹೇಳುತ್ತದೆ, ಹೇಳಿ ಅವರನ್ನು ಮೃದುಹೃದಯಿ ಎಂದು ಹೊಗಳುತ್ತದೆ. ದೇವರ ಒಡೆತನವನ್ನು ನಮಗಿಂತ ಚೆನ್ನಾಗಿ ಬಲ್ಲವರು ಆ ಕಚೇರಿಯಲ್ಲಿ ಫಿರ್ಯಾದಿಯ ಪಕ್ಕ ನಿಲ್ಲಲಿಲ್ಲ, ಆರೋಪಿಯ ಪಕ್ಕ ವಕೀಲರಾಗಿ ನಿಂತರು. ದಂಡಸಂಹಿತೆ ಅನುವಾದಿಸಿದ ಲೇಖಕರ ಕನಸಿನ ಕಚೇರಿಯಲ್ಲಿ ಇಲ್ಲದ್ದು ಈ ವಕೀಲನೊಬ್ಬನೇ.

ಇನ್ನು ಸಾಂಕ್ರಾಮಿಕದ ಮಾತು. ಕ್ರಿ.ಶ. 639ರ ಅಮವಾಸ್ ಪ್ಲೇಗಿನ ಹೊತ್ತಿಗೆ ಸಿರಿಯಾದತ್ತ ಹೊರಟಿದ್ದ ಖಲೀಫ ಉಮರ್(ರ) ಸರ್ಗ್ ಎಂಬಲ್ಲಿ ಸುದ್ದಿ ತಿಳಿದು ಹಿರಿಯರೊಡನೆ ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ದೇವರ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಇನ್ನೊಂದು ವಿಧಿಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟ ಉಮರ್, ಕಣಿವೆಯ ಒಂದು ಮಗ್ಗುಲು ಹಸಿರಾಗಿ ಇನ್ನೊಂದು ಬರಡಾಗಿದ್ದರೆ ಒಂಟೆಯನ್ನು ಎಲ್ಲಿ ಮೇಯಿಸುವಿರಿ ಎಂದು ತಿರುಗಿ ಕೇಳಿದರು. ಅಬೂ ಉಬೈದಾ ತಮ್ಮ ಸೈನ್ಯವನ್ನು ಬಿಡದೆ ಅಲ್ಲೇ ಉಳಿದು ಅದೇ ಪ್ಲೇಗಿನಲ್ಲಿ ತೀರಿಕೊಂಡರು. ಹಿಂದಿರುಗಿದವರೂ ದೇವರನ್ನು ನಂಬಿದವರು, ಉಳಿದವರೂ ನಂಬಿದವರು. ಸತ್ತವರು ಪಾಪಿಗಳಾದ್ದರಿಂದ ಸತ್ತರು ಎಂಬ ಮಾತು ಆ ಚರ್ಚೆಯಲ್ಲಿ ಎಲ್ಲೂ ಬರುವುದಿಲ್ಲ. ಪ್ಲೇಗಿನಲ್ಲಿ ತಾಳ್ಮೆಯಿಂದ ಇದ್ದು ಸತ್ತ ವಿಶ್ವಾಸಿಗೆ ಹುತಾತ್ಮನ ಸ್ಥಾನವಿದೆ ಎಂದು ಹದೀಸ್ ಇದೆ. ಹದೀಸ್ ಪಂಡಿತ ಇಬ್ನ್ ಹಜರ್ ಅಸ್ಖಲಾನಿ 15ನೇ ಶತಮಾನದ ಕೈರೋದಲ್ಲಿ ಪ್ಲೇಗಿನ ಕುರಿತು ದೊಡ್ಡ ಗ್ರಂಥವನ್ನೇ ಬರೆದರು. ಅವರ ಮೂವರು ಹೆಣ್ಣುಮಕ್ಕಳನ್ನು ಪ್ಲೇಗ್ ಕೊಂಡೊಯ್ದಿತ್ತು. ಆ ಮಕ್ಕಳನ್ನು ಮಣ್ಣು ಮಾಡಿ ಬಂದ ತಂದೆ ಇದು ಯಾರ ಪಾಪದ ಫಲ ಎಂಬ ಲೆಕ್ಕಕ್ಕೆ ಕೂತಿದ್ದರೆ ಆ ಪುಸ್ತಕ ಹುಟ್ಟುತ್ತಿರಲಿಲ್ಲ.

ಕನ್ನಡದ ಓದುಗರಿಗೆ ಈ ಹೊತ್ತಿಗೆ ಇನ್ನೊಂದು ಪ್ಲೇಗ್ ನೆನಪಾಗಿರಬೇಕು. 1965ರ 'ಸಂಸ್ಕಾರ'ದ ದೂರ್ವಾಸಪುರ. ನಾರಣಪ್ಪನ ಹೆಣ ಕೊಳೆಯುತ್ತಿದೆ, ಇಲಿಗಳು ಬಿದ್ದು ಸಾಯುತ್ತಿವೆ, ಹದ್ದುಗಳು ಬಂದು ಮನೆಗಳ ಮೇಲೆ ಕೂತಿವೆ. ಅಗ್ರಹಾರದವರಿಗೆ ಇದೆಲ್ಲ ಹೆಣ ಸುಡದ ಪಾಪದ ಫಲ, ನಾರಣಪ್ಪನ ಪಾಪದ ಫಲ. ಓದುವ ನಮಗೆ ಇಲಿಯ ಅರ್ಥ ಗೊತ್ತು. ಪ್ರಾಣೇಶಾಚಾರ್ಯರು ಮಾರುತಿಯ ಗುಡಿಗೆ ಹೋಗಿ ಕಾಯುತ್ತಾರೆ. ಉತ್ತರ ಬರುವುದಿಲ್ಲ. ನಸೂಹನಿಗೆ ಕೇಳದೆಯೇ ಇಡೀ ಕಚೇರಿಯ ದರ್ಶನವಾಯಿತು, ಆಚಾರ್ಯರಿಗೆ ಕೇಳಿದರೂ ಹೂವೊಂದು ಬೀಳಲಿಲ್ಲ. ನಮ್ಮ ಗೆಳೆಯರಲ್ಲಿ ಕೆಲವರು ಅನಂತಮೂರ್ತಿಯವರ ಕಾದಂಬರಿಯನ್ನು ದೇವರಿಲ್ಲದವರ ಕಾದಂಬರಿ ಎನ್ನುತ್ತಾರೆ. ನಾವು ಹಾಗೆ ಓದಿಲ್ಲ. ಆ ಮೌನದ ಮುಂದೆ ಕೂತ ಆಚಾರ್ಯರ ಕಷ್ಟ ಕನಸು ಕಂಡು ಎದ್ದ ನಸೂಹನ ಸಮಾಧಾನಕ್ಕಿಂತ ವಿಶ್ವಾಸಕ್ಕೆ ಹತ್ತಿರ ಎಂದೇ ಅನ್ನಿಸುತ್ತದೆ. ಇತ್ತ ಅಗ್ರಹಾರ ತೀರ್ಪಿಗಾಗಿ ಉಪವಾಸ ಕೂತಿರುವಾಗ ಚಂದ್ರಿ ರಾತ್ರಿ ಮುಸ್ಲಿಮರ ಕೇರಿಗೆ ನಡೆಯುತ್ತಾಳೆ. ಮೀನು ಮಾರುವ ಅಹಮದ್ ಬ್ಯಾರಿ ಗಾಡಿ ಕಟ್ಟಿಕೊಂಡು ಬರುತ್ತಾನೆ. ಕಷ್ಟಕಾಲದಲ್ಲಿ ನಾರಣಪ್ಪ ಸಾಲ ಕೊಟ್ಟಿದ್ದ, ಆ ಋಣ. ಇಬ್ಬರೂ ಸೇರಿ ಹೆಣ ಸುಡುತ್ತಾರೆ. ಬ್ಯಾರಿಗೆ ಕಾದಂಬರಿ ಕೊಟ್ಟಿರುವ ಜಾಗ ತೀರ ಕಡಿಮೆ. ಮುಸ್ಲಿಂ ಓದುಗರು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಉರ್ದುವಿನಲ್ಲಿ ಈ ಬ್ಯಾರಿಯ ಅಣ್ಣನೊಬ್ಬನಿದ್ದಾನೆ. ರಾಜಿಂದರ್ ಸಿಂಗ್ ಬೇದಿಯವರ 'ಕ್ವಾರಂಟೀನ್' ಕತೆಯ ಜಾಡಮಾಲಿ ಭಾಗು. ಜನ ಪ್ಲೇಗಿಗಿಂತ ಕ್ವಾರಂಟೀನಿಗೆ ಹೆಚ್ಚು ಹೆದರುವ ಊರಿನಲ್ಲಿ ಅವನು ರೋಗಿಗಳ ನಡುವೆ ನಿರಾಳವಾಗಿ ಓಡಾಡುತ್ತಾನೆ. ಕ್ರೈಸ್ತನಾದವನು, ಪಾದ್ರಿಯ ಮಾತು ಅವನ ಮನಸ್ಸಿಗೆ ಇಳಿದಿದೆ. ಹೆಂಡತಿಯೇ ಪ್ಲೇಗಿಗೆ ಸಿಕ್ಕಿ ಸತ್ತಾಗಲೂ ಅವನು ಕೆಲಸಕ್ಕೆ ಮರಳುತ್ತಾನೆ. ರೋಗ ಇಳಿದ ಮೇಲೆ ಸನ್ಮಾನವಾಗುವುದು ಕತೆ ಹೇಳುವ ಡಾಕ್ಟರಿಗೆ. ಕತೆಗಾರರಾಗಿ ನಮಗೆ ಬೇದಿಯವರ ಮೇಲೆ ಹೊಟ್ಟೆಕಿಚ್ಚಿದೆ. ದೇವರ ಮೇಲಿನ ಭರವಸೆಯ ಬಗ್ಗೆ ಅವರು ಒಂದು ವ್ಯಾಖ್ಯಾನವನ್ನೂ ಬರೆಯದೆ ಭಾಗುವಿನ ಕೈಗೆ ಪೊರಕೆ ಕೊಟ್ಟು ಸುಮ್ಮನಾದರು. ನಝೀರ್ ಅಹ್ಮದರಾಗಿದ್ದರೆ ಅವನಿಂದ ಎರಡು ಅಧ್ಯಾಯ ಉಪನ್ಯಾಸ ಮಾಡಿಸುತ್ತಿದ್ದರು.

2020ರ ಆರಂಭದಲ್ಲಿ ಕೊರೋನಾ ಚೀನಾದಲ್ಲಿದ್ದಾಗ ಅದು ಉಯ್ಘರ್ ಮುಸ್ಲಿಮರಿಗೆ ಕೊಟ್ಟ ಹಿಂಸೆಗೆ ಅಲ್ಲಾಹನ ಶಿಕ್ಷೆ ಎಂಬ ಭಾಷಣದ ತುಣುಕುಗಳು ನಮ್ಮವರ ಮೊಬೈಲುಗಳಲ್ಲಿ ಹರಿದಾಡಿದವು. ಸಾಯುತ್ತಿದ್ದವರು ವುಹಾನಿನ ಮುದುಕ ಮುದುಕಿಯರು. ಮಾರ್ಚ್ ಕೊನೆಗೆ ದಿಲ್ಲಿಯ ನಿಜಾಮುದ್ದೀನ್ ಮರ್ಕಝಿನ ಸುದ್ದಿ ಬಂದು ಗಾಳಿ ತಿರುಗಿತು. ಟಿವಿಗಳಲ್ಲಿ ರೋಗಕ್ಕೆ ನಮ್ಮದೇ ಟೋಪಿ ತೊಡಿಸಿದರು. ತಳ್ಳುಗಾಡಿಯವನ ಹೆಸರು ಕೇಳಿ ತರಕಾರಿ ಕೊಳ್ಳುವ ದಿನಗಳು ಬಂದವು. ವಿದೇಶಿ ತಬ್ಲೀಗಿಗಳನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹೇಳಿ ಮೊಕದ್ದಮೆಗಳನ್ನು ರದ್ದು ಮಾಡಿದ್ದು ಆಗಸ್ಟಿನಲ್ಲಿ. ನಮ್ಮ ಮೇಲೆ ನಡೆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನವರಿಯಲ್ಲಿ ವುಹಾನಿನ ಹೆಣಗಳ ಮೇಲೆ ತೀರ್ಪು ಬರೆದ ಲೇಖನಿ ನಮ್ಮವರದ್ದೇ ಆಗಿತ್ತು. ಇದನ್ನು ನಮ್ಮ ಪತ್ರಿಕೆಗಳಲ್ಲಿ ನಾವೇ ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ಹೇಳುವ ಬಗೆಯೂ ಬೇರೆಯಾಗಿರುತ್ತದೆ. ಮರುವರ್ಷ ಎರಡನೇ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲು ನಿಂತಾಗ ಎಲ್ಲ ಧರ್ಮದವರ ಹೆಣಗಳನ್ನು ಇಳಿಸಿಕೊಂಡು, ಅವರವರ ಪದ್ಧತಿ ಕೇಳಿ ತಿಳಿದು ಸಂಸ್ಕಾರ ಮಾಡಿಸಿದವರಲ್ಲಿ ಮುಸ್ಲಿಂ ಹುಡುಗರು ಬಹಳ ಮಂದಿ ಇದ್ದರು. ಅಹಮದ್ ಬ್ಯಾರಿಯ ಗಾಡಿ ಹಾಳಾಗಿಲ್ಲ ಎಂದು ಆಗ ಅನ್ನಿಸಿದ್ದು ನಿಜ.

ಕಲೀಮನಿಗೆ ಏನಾಯಿತು? ಊರೂರು ಅಲೆದು, ಸಾಲ ಮಾಡಿ, ಸಂಸ್ಥಾನವೊಂದರ ಸೈನ್ಯ ಸೇರಿ, ಗಾಯಗೊಂಡು ದಿಲ್ಲಿಗೆ ಮರಳುತ್ತಾನೆ. ಪಶ್ಚಾತ್ತಾಪದ ಮಾತಾಡಿ ಕಣ್ಣು ಮುಚ್ಚುತ್ತಾನೆ. ಬಹುಮಾನದ ಪುಸ್ತಕಕ್ಕೆ ಅಂಥ ಸಾವು ಬೇಕಿತ್ತೇನೋ. ಆದರೂ ಒಂದೂವರೆ ಶತಮಾನದಿಂದ ಓದುಗರು ಪ್ರೀತಿಸುತ್ತ ಬಂದದ್ದು ನಸೂಹನನ್ನಲ್ಲ, ಕಲೀಮನನ್ನು. ಪುಸ್ತಕದ ಚುರುಕು ಮಾತುಗಳೆಲ್ಲ ಅವನವು, ಕವಿತೆ ಅವನದು, ಹಸಿವು ಅವನದು. ತಂದೆ ವಹಿಸದ ವಕಾಲತ್ತನ್ನು ನಝೀರ್ ಅಹ್ಮದರೊಳಗಿನ ಕತೆಗಾರ ಡೆಪ್ಯುಟಿ ಸಾಹೇಬರ ಕಣ್ಣು ತಪ್ಪಿಸಿ ವಹಿಸಿಕೊಂಡಿದ್ದಾನೆ. ಹುರಿಗಡಲೆಯ ಆ ರಾತ್ರಿಯನ್ನೇ ನೋಡಿ. ನಮಾಝ್ ಒಲ್ಲೆನೆಂದು ತಂದೆಯ ಮನೆ ಬಿಟ್ಟವನು, ಗೆಳೆಯನ ಮನೆಯ ಹೊಸಿಲು ದಾಟಲಾಗದವನು, ಕೊನೆಗೆ ಮೈಚಾಚಿ ಮಲಗುವುದು ಎಣ್ಣೆ ದೀಪವೂ ಇಲ್ಲದ, ನಮಾಝಿಗೆ ಯಾರೂ ಬಾರದ ಒಂದು ಮಸೀದಿಯಲ್ಲಿ.